ಮಾಕ್ ಮಸ್ನಾಳ ಕಿವಿಬಿರಡೆಗಳು

ತೆಲುಕ್ ಬಕಾವ್
9 ಮಾರ್ಚ್ 2003

ಮಗಳು ಇಜಾಗೆ,

ಅಸ್ಸಲಾಮು ಅಲೈಕುಂ. ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ರೂಢಿ. ಎಲ್ಲರೂ ಕ್ಷೇಮವಾಗಿಯೇ ಇದ್ದಾರೆ, ನಾನೊಬ್ಬಳು ಇಲ್ಲ.

ಫೋನ್ ಮಾಡು ಎಂದು ಪ್ರತಿ ಸಲವೂ ಬರೆಯುತ್ತೀಯ. ಊರಿಗೆ ಇರುವುದು ಒಂದೇ ಫೋನ್ ಅಂಗಡಿ, ಅದು ಪಕ್ಕದ ಮನೆ ದರ್ವಿಸನ ತಮ್ಮನದು. ಅಲ್ಲಿ ನಿಂತುಕೊಂಡು ದರ್ವಿಸನನ್ನು ಬೈಯುವುದು ಹೇಗೆ? ಅದಕ್ಕೇ ಈ ಕಾಗದ. ನನ್ನ ಅಕ್ಷರ ನೋಡಿ ನಗಬೇಡ.

ನೀನು ಹೋದ ವರ್ಷ ಬಂದಾಗ ನಮ್ಮ ಪಕ್ಕದಲ್ಲಿ ದರ್ವಿಸ್ ಕಂಬ ನೆಡಿಸುತ್ತಿದ್ದನಲ್ಲ, ಅದು ಈಗ ಮೂರಂತಸ್ತಿನ ಮನೆಯಾಗಿದೆ. ಮನುಷ್ಯರಿಗಲ್ಲ, ವಾಲೆಟ್ ಹಕ್ಕಿಗಳಿಗೆ. ಕಿಟಕಿ ಇಲ್ಲ, ಬರೀ ತೂತು. ಮೇಲೆ ನಾಲ್ಕು ಸ್ಪೀಕರ್. ಹೆಣ್ಣು ಹಕ್ಕಿ ಕೂಗುವ ಕ್ಯಾಸೆಟ್ಟು ಬೆಳಿಗ್ಗೆ ಐದರಿಂದ ಸಂಜೆ ಏಳರ ತನಕ ಕೂಗುತ್ತದೆ. ಸಮುದ್ರದ ಕಡೆಯಿಂದ ಬರುವ ಹಕ್ಕಿಗಳು ಅದನ್ನು ನಂಬಿ ಒಳಗೆ ಹೋಗಬೇಕು, ಎಂಜಲಿನಿಂದ ಗೂಡು ಕಟ್ಟಬೇಕು, ಯಾವುದೋ ದೇಶದ ಶ್ರೀಮಂತರು ಆ ಗೂಡಿನ ಸಾರು ಮಾಡಿ ಕುಡಿಯಬೇಕು. ಅಷ್ಟಕ್ಕೆ ನನ್ನ ತಲೆ ಚಿಟ್ಟು ಹಿಡಿಯಬೇಕು. ಸಂಜೆ ಹಕ್ಕಿ ಮರಳುವ ಹೊತ್ತಿಗೆ ಶಬ್ದ ಇನ್ನೂ ಜೋರು ಮಾಡುತ್ತಾನೆ. ಆಗ ನನ್ನ ನಮಾಜು ನನಗೇ ಕೇಳಿಸುವುದಿಲ್ಲ.

ಹೋಗಿ ಕೇಳಿದೆ. "ದರ್ವಿಸ್, ಆ ನಾಲ್ಕನೇದನ್ನಾದ್ರೂ ಹೊಳೆ ಕಡೆ ತಿರುಗಿಸಪ್ಪ."

"ಹಕ್ಕಿ ಬರೋದೇ ನಿಮ್ಮ ಮಾಡಿನ ಮೇಲಿಂದ, ಮಾಕ್. ಹೊಳೆ ಕಡೆ ತಿರುಗಿಸಿದ್ರೆ ಎಲ್ಲಾ ಆಚೆ ದಡದ ಹಾಜಿ ಬಸ್ರಿ ಹಕ್ಕಿಮನೆಗೆ ಹೋಗ್ತವೆ. ಕಿವಿಗೊಂದಿಷ್ಟು ಹತ್ತಿ ಇಟ್ಕೊಳ್ಳಿ."

ಊರ ಮುಖ್ಯಸ್ಥ ಹಮ್ದಾನ್ ಹತ್ತಿರವೂ ಹೋದೆ. ಅವನು ಚಹಾ ಕೊಟ್ಟು ಕಳಿಸಿದ. ಅವನಿಗೂ ಒಂದು ಹಕ್ಕಿಮನೆ ಕಟ್ಟುವ ಆಸೆ ಇದೆಯಂತೆ.

ದರ್ವಿಸನ ಹೆಂಡತಿ ಸಲ್ಮಿಯಾ ಬಸುರಿ. ಈ ಕೈಯಲ್ಲಿ ಹುಟ್ಟಿದ ಹುಡುಗಿ, ಈಗ ಅವಳ ಮಗುವನ್ನೂ ನಾನೇ ಹೆರಿಸಬೇಕು. ಅವಳ ಮುಖ ನೋಡಿ ಸುಮ್ಮನಿದ್ದೇನೆ.

ಹತ್ತಿ ಇಟ್ಟುಕೊಂಡು ನೋಡಿದೆ. ಏನೂ ಪ್ರಯೋಜನ ಇಲ್ಲ.

ನಿನ್ನ ಮಾಕ್,
ಮಸ್ನಾ


ಬಾತಾಂ
30 ಮಾರ್ಚ್ 2003

ಮಾಕ್‌ಗೆ ಸಲಾಂ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಬೇಜಾರಾಯಿತು. ಇದರ ಜೊತೆ ಒಂದು ಪೊಟ್ಟಣ ಇದೆ, ತಿಂಡಿಯೆಂದು ಬಾಯಿಗೆ ಹಾಕಿಕೊಳ್ಳಬೇಡ. ಅವು ಕಿವಿಬಿರಡೆಗಳು. ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರಗಳ ಹತ್ತಿರ ಕೂರುವವರಿಗೆ ದಿನಕ್ಕೆ ಎರಡು ಜೊತೆ ಕೊಡುತ್ತಾರೆ. ನಾನು ಒಂದೇ ಜೊತೆಯನ್ನು ತೊಳೆದು ತೊಳೆದು ಬಳಸಿ ನಿನಗೆ ಇಪ್ಪತ್ತು ಜೊತೆ ಉಳಿಸಿದ್ದೇನೆ.

ಹಾಕುವ ಕ್ರಮ ಹೀಗೆ. ಎರಡು ಬೆರಳ ನಡುವೆ ಹೊಸೆದು ಬತ್ತಿಯ ಹಾಗೆ ಸಣ್ಣಗೆ ಮಾಡು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ತೂರಿಸು. ಬೆರಳಿಟ್ಟುಕೊಂಡು ಮೂವತ್ತು ಎಣಿಸು. ಅದು ಒಳಗೇ ಊದಿಕೊಂಡು ಕೂರುತ್ತದೆ. ಮೊದಲ ದಿನ ಕಿವಿ ನವೆಯಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಹೆರಿಗೆಗೆ ಹೋಗುವಾಗ ಮಾತ್ರ ತೆಗೆದಿಟ್ಟು ಹೋಗು. ಹೆರುವವಳು ಕಿರುಚಿದರೆ ಕೇಳಿಸಬೇಕಲ್ಲ!

ಈ ಸಲ ನನ್ನ ಮದುವೆಯ ವಿಷಯ ನೀನು ಬರೆದಿಲ್ಲ. ಅದಕ್ಕೆ ದರ್ವಿಸನಿಗೆ ನನ್ನ ಕಡೆಯಿಂದ ಒಂದು ಥ್ಯಾಂಕ್ಸ್.

ನಿನ್ನ,
ಇಜಾ


ತೆಲುಕ್ ಬಕಾವ್
18 ಏಪ್ರಿಲ್ 2003

ಇಜಾ,

ನಿನ್ನ ಹೊಟ್ಟೆ ತಣ್ಣಗಿರಲಿ. ಮೂವತ್ತು ಎಣಿಸುವಷ್ಟರಲ್ಲಿ ದರ್ವಿಸ್ ಸತ್ತ. ಅಂದರೆ ಅವನ ಹಕ್ಕಿಗಳು ಸತ್ತವು. ಎಷ್ಟೋ ತಿಂಗಳ ನಂತರ ನನ್ನ ಉಸಿರು ನನಗೆ ಕೇಳಿಸಿತು. ಹಪ್ಪಳ ತಿಂದರೆ ತಲೆಯೊಳಗೆ ಸೌದೆ ಒಡೆದ ಹಾಗೆ ಸದ್ದು. ಒಬ್ಬಳೇ ಕೂತು ನಕ್ಕೆ.

ಊರವರಿಗೆ ತಮಾಷೆ. ಮೀನಿನವಳು ನನ್ನೆದುರು ನಿಂತು ಬಾಯಿ ಮಾತ್ರ ಆಡಿಸುತ್ತಾಳೆ, ಸ್ವರ ಹೊರಡಿಸುವುದಿಲ್ಲ, ನಾನು ಬಿರಡೆ ಕಿತ್ತು ನೋಡಿದರೆ ಕಿಸಕ್ಕನೆ ನಗುತ್ತಾಳೆ. ದರ್ವಿಸ್ ಮೊನ್ನೆ ಹಲಗೆಕಟ್ಟೆಯ ಮೇಲೆ ಎಲ್ಲರ ಮುಂದೆ, "ನೋಡಿ, ನನ್ನಿಂದ ಮಾಕ್ ಮಸ್ನಾ ಕಿವಿಗೂ ಒಡವೆ ಬಂತು," ಅಂದನಂತೆ. ಅನ್ನಲಿ.

ಈಗ ಬೆಳಿಗ್ಗೆ ಹಾಕಿದರೆ ಏಳು ಗಂಟೆಗೆ ಕ್ಯಾಸೆಟ್ಟು ನಿಂತ ಮೇಲೆಯೇ ತೆಗೆಯುವುದು.

ನಿನ್ನ ಮಾಕ್


ತೆಲುಕ್ ಬಕಾವ್
6 ಜುಲೈ 2003

ಇಜಾ,

ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯುತ್ತೇನೆ. ನಾನು ನಮ್ಮ ಮಾಡಿನ ಎತ್ತರಕ್ಕೇ ಇರುವ ಅವನ ನಾಲ್ಕನೇ ಸ್ಪೀಕರ್‌ಗೆ ಬಟ್ಟೆ ಒಣಹಾಕುವ ಬಿದಿರ ಕೋಲಿನಿಂದ ತಿವಿದೆ. ತಿರುಗಿಸಬೇಕು ಎಂದಷ್ಟೇ ಇತ್ತು. ವೈರು ಕಿತ್ತು ಬಂತು, ನಾಲ್ಕೂ ನಿಂತವು. ಅವನು ಪೇಟೆಗೆ ಹೋಗಿದ್ದ. ಅವತ್ತು ಸಂಜೆ ಹಕ್ಕಿಗಳೆಲ್ಲ ನಮ್ಮ ತಲೆ ಮೇಲೆ ಎರಡು ಸುತ್ತು ಹೊಡೆದು ಹೊಳೆ ದಾಟಿ ಹಾಜಿ ಬಸ್ರಿಯ ಮನೆಗೆ ಹೋದವು. ಊರೆಲ್ಲ ನೋಡಿತು.

ಮರುದಿನ ಅವನು ನಮ್ಮ ಕಟ್ಟೆಯ ಮೇಲೆ ನಿಂತು ಕೂಗಾಡಿದ. "ತಾಯಿ ಸಮಾನ, ಮಾಕ್ ಅಂತ ಮರ್ಯಾದೆ ಕೊಟ್ಟಿದ್ದಕ್ಕೆ ಇದಾ? ಇನ್ಮೇಲೆ ನನ್ನ ಹೆಂಡ್ತಿ ನಿಮ್ಮ ಮೆಟ್ಟಿಲು ಹತ್ತಿದ್ರೆ ನನ್ನ ಹೆಸ್ರು ದರ್ವಿಸ್ ಅಲ್ಲ. ಪೇಟೆ ಆಸ್ಪತ್ರೆ ಇದೆ ನಮಗೆ."

ನನಗೂ ಪಿತ್ತ ನೆತ್ತಿಗೇರಿತು. "ಕರ್ಕೊಂಡು ಹೋಗು ಮಾರಾಯ. ಅಲ್ಲೀ ತನಕ ಯಾಕೆ? ಬೇನೆ ಬಂದಾಗ ನಿನ್ನ ಟೇಪ್‌ರೆಕಾರ್ಡರ್‌ಗೇ ಹೇಳು, ಅದೇ ಹೆರಿಗೆ ಮಾಡ್ಸುತ್ತೆ!" ಅಂದೆ. ಜನ ನಕ್ಕರು. ಸಲ್ಮಿಯಾ ಬಾಗಿಲಲ್ಲಿ ನಿಂತಿದ್ದಳು, ಅವಳು ನಗಲಿಲ್ಲ.

ಮಗು ಅಡ್ಡ ಮಲಗಿದೆ, ಇಜಾ. ಎರಡು ಸಲ ಎಣ್ಣೆ ಹಚ್ಚಿ ತಿರುಗಿಸಿದ್ದೆ. ಮತ್ತೆ ಜಾರುತ್ತದೆ. ಇನ್ನೂ ಮೂರು ನಾಲ್ಕು ಸಲ ಕೈ ಹಚ್ಚಬೇಕಿತ್ತು.

ಮಾಕ್


ಬಾತಾಂ
15 ಜುಲೈ 2003

ಮಾಕ್,

ನೀನು ಹೋಗಿ ಮಾತಾಡು. ನಿನ್ನ ಕಾಲು ಹಿಡಿಯುತ್ತೇನೆ. ವೈರು ಕಿತ್ತವಳು ನೀನು, ಒಂದು ಸಲ ತಪ್ಪಾಯಿತು ಅಂದರೆ ನಿನ್ನ ಹಲ್ಲು ಉದುರುವುದಿಲ್ಲ. ಅವನಿಗೆ ಬೇಡ, ಸಲ್ಮಿಗೆ ಹೇಳು. ನಾನೂ ಅವಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮಗು ಅಡ್ಡ ಇರುವಾಗ ನೀನೂ ದರ್ವಿಸನೂ ಈ ಆಟ ಆಡಬೇಡಿ.

ಈ ಕಾಗದಕ್ಕೆ ಉತ್ತರ ಬರೆ.

ಇಜಾ


ತೆಲುಕ್ ಬಕಾವ್
23 ಆಗಸ್ಟ್ 2003

ಇಜಾ,

ಸಲ್ಮಿಯಾಳ ಮಗು ಹೋಯಿತು. ಗುರುವಾರ ಸಂಜೆ. ಪೇಟೆಗೆ ಹೋಗಲು ಇನ್ನೂ ಎರಡು ವಾರ ಇತ್ತಂತೆ, ಬೇನೆ ಮೊದಲೇ ಬಂತು. ನೀರಿಳಿದಿದ್ದ ಹೊತ್ತು, ದೋಣಿಗಳೆಲ್ಲ ಕೆಸರಿನ ಮೇಲೆ ಕೂತಿದ್ದವು. ಆಚೆ ದಡದ ಸರ್ಕಾರಿ ನರ್ಸಮ್ಮ ಬರುವಷ್ಟರಲ್ಲಿ ಏಳೂವರೆ. ಕಾಲು ಮೊದಲು ಬಂದಿತ್ತು, ತಲೆ ಸಿಕ್ಕಿಕೊಂಡಿತ್ತು. ಸಲ್ಮಿಯಾ ಬದುಕಿದ್ದಾಳೆ.

ದರ್ವಿಸ್ ಐದೂಮುಕ್ಕಾಲಿಗೇ ನನ್ನ ಬಾಗಿಲಿಗೆ ಬಂದು ಕೂಗಿದ್ದನಂತೆ, ಬಹಳ ಹೊತ್ತು ಕೂಗಿದ್ದನಂತೆ. ನನಗೆ ಕೇಳಿಸಲಿಲ್ಲ. ನನ್ನ ಕಿವಿಯಲ್ಲಿ ಬಿರಡೆ ಇತ್ತು.

ಈಗ ಅವನು, ಮುದುಕಿ ಬೇಕೆಂದೇ ಬಾಗಿಲು ತೆಗೆಯಲಿಲ್ಲ ಎಂದು ಊರೆಲ್ಲ ಹೇಳುತ್ತಿದ್ದಾನೆ. ಸೂಲಗಿತ್ತಿ ಕರೆ ಬಂದರೆ ಉಣ್ಣುವ ತಟ್ಟೆ ಬಿಟ್ಟು ಏಳಬೇಕು, ಶತ್ರುವಿನ ಮನೆಯಾದರೂ ಹೋಗಬೇಕು. ಹಾಗೆಂದು ನನ್ನ ತಾಯಿಗೆ ಆಣೆಯಿಟ್ಟು ಈ ಕೆಲಸ ಹಿಡಿದವಳು ನಾನು. ನಲವತ್ತೊಂದು ವರ್ಷ ಒಬ್ಬರನ್ನೂ ತಿರುಗಿಸಿ ಕಳಿಸಿಲ್ಲ. ಈ ಮಾತು ಮೈಗಂಟಿದರೆ ನಾನು ಈ ಊರಲ್ಲಿ ತಲೆಯೆತ್ತಿ ಬದುಕುವ ಹಾಗಿಲ್ಲ.

ಹಮ್ದಾನ್ ಸೆಪ್ಟೆಂಬರ್ 24ಕ್ಕೆ ಹಿರಿಯರನ್ನು ಕೂರಿಸುತ್ತಾನೆ. ನೀನು ಅವನ ಹೆಸರಿಗೆ ಒಂದು ಕಾಗದ ಬರೆದು ನನಗೆ ಕಳಿಸು. ಬಿರಡೆ ಕಳಿಸಿದ್ದು ನೀನೇ, ಅದು ಕಾರ್ಖಾನೆಯ ಯಂತ್ರಕ್ಕೆಂದು ಮಾಡಿದ್ದು, ಹಾಕಿಕೊಂಡರೆ ಬಾಗಿಲು ಬಡಿದರೂ ಕೂಗಿದರೂ ಕೇಳಿಸುವುದಿಲ್ಲ ಎಂದು ಬರೆ. ನೀನು ಓದಿದವಳು, ನಿನ್ನ ಮಾತು ನಂಬುತ್ತಾರೆ.

ಮಾಕ್


ಬಾತಾಂ
31 ಆಗಸ್ಟ್ 2003

ಮಾಕ್,

ನಿನ್ನ ಕಾಗದ ಬಂದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಅವನ್ನು ಉಳಿಸಿದ್ದು ನಾನು, ತೊಳೆದದ್ದು ನಾನು, ಹೊಸೆಯುವುದನ್ನು ಹೇಳಿಕೊಟ್ಟದ್ದು ನಾನು. ಸಲ್ಮಿ ಮಗುವನ್ನು ನಾನೇ ಕೊಂದೆ. ನಿನ್ನೆ ಯಂತ್ರದ ಮುಂದೆ ಬಿರಡೆ ಹಾಕದೆ ಕೂತೆ, ಮೇಲಿನವರು ಬೈದರು.

ಕಾಗದ ಬರೆಯಲು ಮೂರು ಸಲ ಕೂತೆ. ಕೈ ಓಡಲಿಲ್ಲ. ಸ್ವಲ್ಪ ಸಮಯ ಕೊಡು.

ಸಲ್ಮಿ ಹೇಗಿದ್ದಾಳೆ? ನೀನು ಅದನ್ನು ಬರೆಯಲೇ ಇಲ್ಲ.

ಇಜಾ


ತೆಲುಕ್ ಬಕಾವ್
6 ಸೆಪ್ಟೆಂಬರ್ 2003

ಇಜಾ,

ಅಳಬೇಡ. ಆಗುವುದು ಆಯಿತು, ದೇವರ ಇಚ್ಛೆ. ಕಾಗದ ಬೇಗ ಕಳಿಸು. ಹಡಗು ತಪ್ಪಿದರೆ 24ಕ್ಕೆ ಮುಟ್ಟುವುದಿಲ್ಲ.

ಮಾಕ್


ಬಾತಾಂ
13 ಸೆಪ್ಟೆಂಬರ್ 2003

ಮಾಕ್,

ಸುಳ್ಳು ಬರೆಯಬಾರದು, ಕಣ್ಣಾರೆ ನೋಡಿಯೇ ಬರೆಯೋಣ ಎಂದುಕೊಂಡೆ. ನನ್ನ ಕೋಣೆಯ ಗೆಳತಿ ತಿಯುರ್‌ಳಿಗೆ ಹೇಳಿ ಭಾನುವಾರ ಒಂದು ಪರೀಕ್ಷೆ ಮಾಡಿದೆ. ನಾನು ಬಿರಡೆ ಹಾಕಿಕೊಂಡು ಬಾಗಿಲು ಮುಚ್ಚಿ ಗೋಡೆಗೆ ಮುಖಮಾಡಿ ಕೂತೆ. ಅವಳು ಹೊರಗೆ ಟೇಪ್‌ರೆಕಾರ್ಡರನ್ನು ಪೂರ್ತಿ ಜೋರಾಗಿ ಹಾಕಿ, ಬಾಗಿಲು ಬಡಿದು ನನ್ನ ಹೆಸರು ಕೂಗಿದಳು.

ನನಗೆ ಕೇಳಿಸಿತು, ಮಾಕ್.

ಮಾತು ತಿಳಿಯಲಿಲ್ಲ. ಆದರೆ ಯಾರೋ ಕರೆಯುತ್ತಿದ್ದಾರೆ ಎಂದು ತಿಳಿಯಿತು. ನಾಲ್ಕು ಸಲ ಮಾಡಿದೆವು. ಸರಿಯಾಗಿ ತೂರಿಸಿಲ್ಲವೇನೋ ಎಂದು ನೋವಾಗುವಷ್ಟು ಒಳಗೆ ತಳ್ಳಿ ನೋಡಿದೆ. ನಾಲ್ಕು ಸಲವೂ ಕೇಳಿಸಿತು. ತಿಯುರ್ ನನ್ನ ಮುಖ ನೋಡಿ, "ಏನಾಯ್ತೇ, ಯಾಕೆ ಹಿಂಗೆ ಬಿಳಿಚ್ಕೊಂಡೆ?" ಅಂದಳು.

ನಮ್ಮ ಮನೆ ನೀರಿನ ಮೇಲೆ ಕಂಬದ ಮೇಲಿದೆ. ಹಲಗೆಕಟ್ಟೆ ಮೇಲೆ ಬೆಕ್ಕು ಓಡಿದರೂ ಕಪಾಟಿನ ತಟ್ಟೆ ಅಲುಗುತ್ತದೆ. ಬಂದವರು ಯಾರು ಎಂದು ನೆಲ ಅದುರುವುದರಿಂದಲೇ ಹೇಳುತ್ತಿದ್ದವಳು ನೀನು. ದರ್ವಿಸ್ ದಪ್ಪ ಆಳು.

ಎರಡು ವಾರ ನಾನು ನನ್ನನ್ನೇ ಕೊಲೆಗಾತಿ ಅಂದುಕೊಂಡು ತಿರುಗಿದೆ. ಅಳಬೇಡ ಎಂದು ನೀನು ಬರೆದೆ, ನಿನ್ನ ತಪ್ಪಲ್ಲ ಎಂದು ಬರೆಯಲಿಲ್ಲ. ನನಗೆ ನಿನ್ನ ಮೇಲೆ ಬಂದ ಸಿಟ್ಟು ಯಾವತ್ತೂ ಯಾರ ಮೇಲೂ ಬಂದಿರಲಿಲ್ಲ.

ಇದರೊಳಗೆ ಇನ್ನೊಂದು ಕಾಗದ ಇದೆ, ಹಮ್ದಾನ್ ಅವರ ಹೆಸರಿಗೆ. ನೀನು ಹೇಳಿದ ಹಾಗೆಯೇ ಬರೆದು ಸಹಿ ಹಾಕಿದ್ದೇನೆ. ಲಕೋಟೆ ಅಂಟಿಸಿಲ್ಲ. ನಿನ್ನನ್ನು ಆ ಹಿರಿಯರ ಮುಂದೆ ಒಬ್ಬಳೇ ನಿಲ್ಲಿಸುವ ಧೈರ್ಯ ನನಗಿಲ್ಲ. ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು.

ಇಜಾ


ತೆಲುಕ್ ಬಕಾವ್
30 ಸೆಪ್ಟೆಂಬರ್ 2003

ಇಜಾ,

ನಿನ್ನ ಕಾಗದ 22ಕ್ಕೆ ಬಂತು. 24ರ ಸಂಜೆ ಐದು ಗಂಟೆಗೆ ನಮ್ಮ ಮನೆಯಲ್ಲೇ ಎಲ್ಲರೂ ಸೇರಿದರು. ಘಟನೆ ಆದ ಜಾಗದಲ್ಲೇ, ಆದ ಹೊತ್ತಿನಲ್ಲೇ ನೋಡೋಣ ಎಂದು ಹಮ್ದಾನ್ ಹೇಳಿದ್ದ. ಅವನು, ನಾಲ್ಕು ಜನ ಹಿರಿಯರು, ದರ್ವಿಸ್. ಸಲ್ಮಿಯಾ ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಬಂದಳು. ನಾನು ಚಾಪೆ ಹಾಸಿದೆ, ಅವಳು ಮರದ ನೆಲದ ಮೇಲೇ ಕೂತಳು. ನಿನ್ನ ಲಕೋಟೆ ನನ್ನ ಸೊಂಟದಲ್ಲಿತ್ತು.

ಹಮ್ದಾನ್ ಬಿರಡೆ ತೋರಿಸು ಅಂದ. ತಂದುಕೊಟ್ಟೆ. ಹಿರಿಯರು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ ಮೂಸಿ ನೋಡಿದರು. ಒಬ್ಬ ಹಾಕಿಕೊಳ್ಳಲು ಹೋದ. ಆಗ ಸಲ್ಮಿಯಾ ಕೈ ಚಾಚಿ, "ನನಗೆ ಕೊಡಿ," ಅಂದಳು.

ಅವಳಿಗೆ ಹೊಸೆಯಲು ಬರಲಿಲ್ಲ. ನಾನೇ ಹೊಸೆದು ಅವಳ ಕಿವಿಗೆ ಹಾಕಿದೆ. ಅವಳ ಕಿವಿ ಸುಡುತ್ತಿತ್ತು. ದರ್ವಿಸನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಪಕ್ಕದಲ್ಲಿ ಅವನ ಸ್ಪೀಕರ್‌ಗಳು ಕೂಗುತ್ತಿದ್ದವು, ಹಕ್ಕಿ ಮರಳುವ ಹೊತ್ತು. ಅವತ್ತು ಕೂಗಿದ ಹಾಗೇ ಕೂಗು ಎಂದು ಹಮ್ದಾನ್ ಹೇಳಿದ್ದ. ದರ್ವಿಸ್ ಕೂಗಿದ.

"ಮಾಕ್! ಮಾಕ್ ಬಾಗ್ಲು ತೆಗೀರಿ! ಸಲ್ಮಿ ಸಾಯ್ತಾಳೆ ಮಾಕ್!"

ಅವಳ ಭುಜ ಎಗರಿತು, ಇಜಾ. ಕೈ ತಾನಾಗಿಯೇ ಹೊಟ್ಟೆಗೆ ಹೋಯಿತು. ಅವಳೆದುರು ಕೂತಿದ್ದವಳು ನಾನು, ಗಂಡಸರೆಲ್ಲ ಬಾಗಿಲು ನೋಡುತ್ತಿದ್ದರು. ಅವನು ಮತ್ತೆ ಮತ್ತೆ ಕೂಗಿ, ಕೊನೆಗೆ ಅವನಿಗೇ ಸ್ವರ ಹೊರಡದೆ ನಿಲ್ಲಿಸಿದ. ಅವಳು ನಿಧಾನವಾಗಿ ಬಿರಡೆ ತೆಗೆದಳು. ನನ್ನ ಕಣ್ಣನ್ನೇ ನೋಡುತ್ತ, "ಏನೂ ಕೇಳಿಸ್ಲಿಲ್ಲ," ಅಂದಳು.

ಹಮ್ದಾನ್ ಉಸಿರು ಬಿಟ್ಟ. "ಆಯ್ತಲ್ಲ. ತಾಯೀನೇ ಹೇಳಿದ್ಮೇಲೆ ಮುಗೀತು. ಯಾರ ತಪ್ಪೂ ಇಲ್ಲ," ಅಂದ. ಹಿರಿಯರು ಏಳಲು ಮೊಣಕಾಲಿಗೆ ಕೈ ಊರಿದರು. ನಾನು ಗೆದ್ದಿದ್ದೆ. ನಿನ್ನ ಲಕೋಟೆ ತೆಗೆಯುವ ಅಗತ್ಯವೂ ಬೀಳಲಿಲ್ಲ. ಆ ಹುಡುಗಿ ನನ್ನನ್ನು ನೋಡುತ್ತಲೇ ಇದ್ದಳು.

"ನಂಗೆ ಕೇಳಿಸಿತ್ತು," ಅಂದೆ.

ಎಲ್ಲರೂ ಮತ್ತೆ ಕೂತರು. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಅವತ್ತು ದರ್ವಿಸ್ ಕಟ್ಟೆ ಮೇಲೆ ಕಾಲಿಟ್ಟಾಗಲೇ ನನಗೆ ತಿಳಿಯಿತು. ಮೊದಲ ಕೂಗಿಗೆ ಒಂದು ಬಿರಡೆ ತೆಗೆದೆ. ಸಲ್ಮಿಗೆ ಬೇನೆ ಎಂಬ ಮಾತು ಪೂರ್ತಿ ಕೇಳಿಸಿತು. ಎದ್ದು ಎಣ್ಣೆಯ ಸೀಸೆ ಚೀಲಕ್ಕೆ ಹಾಕಿ ಬಾಗಿಲ ತನಕ ಹೋದೆ. ಅಗುಳಿಯ ಮೇಲೆ ಕೈಯಿಟ್ಟೆ. ಅವನ ಸ್ಪೀಕರ್ ಮಾತ್ರ ಕೂಗುತ್ತಲೇ ಇತ್ತು. ನನ್ನನ್ನು ಕರೆಯಲು ಬಂದಿದ್ದಾನೆ, ಆದರೆ ಅದನ್ನು ಆರಿಸಿ ಬಂದಿಲ್ಲ. ಹೆಂಡತಿ ಸಾಯುತ್ತಿದ್ದರೂ ಅವನಿಗೆ ಹಕ್ಕಿ ಬೇಕು ಎಂದು ನನಗೆ ಮೈ ಉರಿಯಿತು. ಅವನು ಮೊದಲು ನಿಲ್ಲಿಸಲಿ, ಆಮೇಲೆ ಅಗುಳಿ ತೆಗೆಯುತ್ತೇನೆ ಅಂದುಕೊಂಡೆ. ಒಂದು ನಿಮಿಷದಲ್ಲಿ ನಿಲ್ಲಿಸುತ್ತಾನೆ ಅಂದುಕೊಂಡೆ. ಅವನು ಬಾಗಿಲು ಗುದ್ದುತ್ತಿದ್ದ, ಹಲಗೆ ನನ್ನ ಅಂಗೈಗೆ ತಾಗುತ್ತಿತ್ತು. ನಾನು ನಿಂತೇ ಇದ್ದೆ. ಆಮೇಲೆ ಅವನು ಹೋಗಿಬಿಟ್ಟ. ಆಗಲಾದರೂ ಓಡಬಹುದಿತ್ತು. ಆದರೆ ಆಗ ಹೋದರೆ, ಇಷ್ಟು ಹೊತ್ತು ಯಾಕೆ ಬರಲಿಲ್ಲ ಎಂದು ಕೇಳುತ್ತಾನಲ್ಲ. ಬಿರಡೆಯನ್ನು ಮತ್ತೆ ಕಿವಿಗೆ ಹಾಕಿಕೊಂಡು ಕೂತೆ.

ಹೋಗಿದ್ದರೆ ಮಗು ಉಳಿಯುತ್ತಿತ್ತೇ, ನನಗೆ ಗೊತ್ತಿಲ್ಲ. ಅಂಥ ಮೂರನ್ನು ಉಳಿಸಿದ್ದೇನೆ, ಒಂದನ್ನು ಕಳೆದುಕೊಂಡಿದ್ದೇನೆ.

ದರ್ವಿಸ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಹೊಡೆಯಲು ಬರುತ್ತಾನೆ ಎಂದುಕೊಂಡೆ. "ನೋಡಿದ್ರಾ! ನೋಡಿದ್ರಾ ಇವಳನ್ನ!" ಎಂದು ಕಿರುಚಿದ.

ಒಬ್ಬ ಹಿರಿಯ ಮೆಲ್ಲಗೆ ಕೇಳಿದ. "ನೀನು ಅದನ್ನ ಯಾಕಪ್ಪಾ ನಿಲ್ಲಿಸ್ಲಿಲ್ಲ?"

"ಸಂಜೆ ಹೊತ್ತು ನಿಲ್ಲಿಸಿದ್ರೆ ಹಕ್ಕಿಗಳೆಲ್ಲ ಹಾಜಿ ಬಸ್ರಿ ಮನೆಗೆ..." ಅಂದವನು ಅಲ್ಲಿಗೇ ಬಾಯಿ ಮುಚ್ಚಿದ. ಸಲ್ಮಿಯಾ ಅವನ ಕಡೆ ತಿರುಗಿದಳು.

"ನಿಲ್ಸಿ ಹೋಗಿ ಅಂತ ನಾನು ಕೂಗ್ತಾ ಇದ್ದೆ. ನಿಮಗೆ ಕೇಳಿಸ್ಲೇ ಇಲ್ಲ," ಅಂದಳು. ಆಮೇಲೆ ನನಗೆ, "ನೀವಿಬ್ರೂ ಕಾಯ್ತಾ ಇದ್ರಿ ಅಲ್ವಾ? ನಾನೂ ಕಾಯ್ತಾ ಇದ್ದೆ," ಅಂದಳು.

ಹಮ್ದಾನ್ ತೀರ್ಪು ಕೊಟ್ಟ. ಇನ್ನು ಮೇಲೆ ಹೆರಿಗೆಗೆ ನನ್ನನ್ನು ಯಾರೂ ಕರೆಯಬಾರದು, ಆಚೆ ದಡದ ನರ್ಸಮ್ಮನನ್ನೇ ಕರೆಯಬೇಕು. ನಾನು ಒಪ್ಪಿದೆ. ಅವರು ಹೋದ ಮೇಲೆ ಹಮ್ದಾನ್ ಹೆಸರಿಗೆ ನೀನು ಬರೆದಿದ್ದ ಕಾಗದವನ್ನು ಒಲೆಗೆ ಹಾಕಿದೆ. ಆ ಎರಡು ವಾರ ನಿನ್ನನ್ನು ಹಾಗೆ ಅಳಲು ಬಿಟ್ಟದ್ದಕ್ಕೆ ಏನು ಹೇಳಲಿ? ನಾನು ಸಣ್ಣವಳಾಗಿಬಿಟ್ಟೆ, ಇಜಾ. ನಿನ್ನ ತಪ್ಪು ಏನೂ ಇರಲಿಲ್ಲ. ಮೊದಲೇ ಬರೆಯಬೇಕಿತ್ತು.

ಮರುದಿನ ಬೆಳಿಗ್ಗೆ ಕಟ್ಟೆ ಅದುರಿತು. ಹಗುರ ಹೆಜ್ಜೆ. ಬಾಗಿಲು ತೆಗೆದರೆ ಸಲ್ಮಿಯಾ. ಕೈಯಲ್ಲಿ ಉದ್ದದ ಬಟ್ಟೆ.

"ನನ್ನ ಹೊಟ್ಟೆ ಯಾರೂ ಕಟ್ಟಿಲ್ಲ. ನಲವತ್ತು ದಿನಕ್ಕೆ ಇನ್ನೂ ಐದು ದಿನ ಇದೆ," ಅಂದಳು.

ಮಗು ಇಲ್ಲದ ಬಾಣಂತಿಯೂ ಬಾಣಂತಿಯೇ. ಅದನ್ನು ನಾನು ಮರೆತಿದ್ದೆ, ಊರೂ ಮರೆತಿತ್ತು. ಒಳಗೆ ಕರೆದು ಮಲಗಿಸಿ ಎಣ್ಣೆ ಹಚ್ಚಿದೆ, ಬಿಗಿಯಾಗಿ ಬಟ್ಟೆ ಸುತ್ತಿದೆ. ಅವಳು ಮಾಡನ್ನು ನೋಡುತ್ತ ಮಲಗಿದ್ದಳು. ಪಕ್ಕದ ಮನೆಯ ಸದ್ದು ಹಾಗೇ ಇತ್ತು. ನಾಲ್ಕು ದಿನ ಹೀಗೇ ಬಂದಳು, ಹೋದಳು.

ಐದನೆಯ ದಿನ ನಾನು ಕೊನೆಯ ಗಂಟು ಹಾಕುತ್ತಿದ್ದೆ. "ಹೆಣ್ಣು ಮಗು. ನೀವು ನೋಡ್ಲೇ ಇಲ್ಲ ಅಲ್ವಾ, ಮಾಕ್?" ಅಂದಳು.

ಇಲ್ಲ ಅಂದೆ.

ತಲೆ ತುಂಬ ಕೂದಲಿತ್ತಂತೆ. ಬಲಗೈ ಮುಷ್ಟಿ ಬಿಗಿಹಿಡಿದಿತ್ತಂತೆ, ನರ್ಸಮ್ಮ ಬಿಡಿಸಲು ಹೋದರೆ ಇವಳು ಬೇಡ ಅಂದಳಂತೆ. ಕಿವಿ ದರ್ವಿಸನದ್ದೇ ಅಂತೆ. ಪಾದ ಇಷ್ಟೇ ಇತ್ತು ಎಂದು ತನ್ನ ಹೆಬ್ಬೆರಳು ಹಿಡಿದು ತೋರಿಸಿದಳು. ಬಹಳ ಹೊತ್ತು ಹೇಳಿದಳು, ಹೇಳಿದ್ದನ್ನೇ ಮತ್ತೆ ಹೇಳಿದಳು. ನಾನು ಅವಳ ಪಕ್ಕದಲ್ಲಿ ಕೂತು ಅವಳು ನಿಲ್ಲಿಸುವ ತನಕ ಕೇಳಿದೆ.

ನಿನ್ನ ಮಾಕ್,
ಮಸ್ನಾ